ಮುಧೋಳ ನಾಯಿ ಹೇಳಿದ ಮಾತು ಕೇಳುವುದಿಲ್ಲವೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ನಾಯಿಮರಿಯ ಫೋಟೊ ಬಿದ್ದ ಕೂಡಲೇ ಅದರ ಹಿಂದೆಯೇ ಸಲಹೆಗಳೂ ಬರುತ್ತವೆ. "ಮುಧೋಳ ನಾಯಿ ಬೇಟೆ ನಾಯಿ, ಅದಕ್ಕ ಟ್ರೇನಿಂಗ್ ಹತ್ತಂಗಿಲ್ಲ." "ಸಣ್ಣದಿದ್ದಾಗ ನಾಕು ಏಟು ಹಾಕಿದರ ಮಾತ್ರ ಮಾಲಕನ ಮಾತು ಕೇಳ್ತದ." "ಹಗಲೆಲ್ಲ ಕಟ್ಟಿ ಹಾಕಿ, ಹಸಿ ಮಾಂಸ, ಖಾರ ತಿನ್ನಿಸಿದರ ಕಾವಲಿಗೆ ಗಟ್ಟಿ ಆಗ್ತದ."

ಎರಡನೆಯದೂ ಮೂರನೆಯದೂ ಪೂರ್ತಿ ತಪ್ಪು. ಅವು ಅಪಾಯಕಾರಿಯೂ ಹೌದು. ಮೊದಲನೆಯದರಲ್ಲಿ ಮಾತ್ರ ಚೂರು ಸತ್ಯವಿದೆ. ಆ ಚೂರನ್ನು ಸರಿಯಾಗಿ ಅರ್ಥ ಮಾಡಿಕೊಂಡವರಿಗೆ ಈ ನಾಯಿಯನ್ನು ಪಳಗಿಸುವುದು ಕಷ್ಟವಲ್ಲ. ಅರ್ಥ ಮಾಡಿಕೊಳ್ಳದವರು ಆರು ತಿಂಗಳಿಗೇ ಬೇಸತ್ತು ನಾಯಿಯನ್ನು ಸರಪಳಿಗೆ ಕಟ್ಟುತ್ತಾರೆ, ಇಲ್ಲವೇ ಊರಾಚೆ ಬಿಟ್ಟು ಬರುತ್ತಾರೆ.

ಆ ಚೂರು ಸತ್ಯ ಯಾವುದು?

ನಾಯಿಗಳಲ್ಲಿ ಮೂಗಿನಿಂದ ಬೇಟೆ ಹುಡುಕುವ ತಳಿಗಳಿವೆ, ಕಣ್ಣಿನಿಂದ ನೋಡಿ ಬೆನ್ನಟ್ಟುವ ತಳಿಗಳೂ ಇವೆ. ಮುಧೋಳ ನಾಯಿ ಎರಡನೆಯ ಗುಂಪಿನದು. ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಉದ್ದ ಕಾಲು, ಹೀಗೆ ಇಡೀ ದೇಹವೇ ಓಟಕ್ಕಾಗಿ ರೂಪುಗೊಂಡಿದೆ. ಎದುರಿಗೆ ನೋಡುತ್ತ ನಿಂತ ಮನುಷ್ಯನಿಗೆ ಸುಮಾರು 180 ಡಿಗ್ರಿಯಷ್ಟು ನೋಟ ಸಿಕ್ಕರೆ, ಇಂಥ ಉದ್ದ ತಲೆಯ ನಾಯಿಗಳಿಗೆ ಸುಮಾರು 270 ಡಿಗ್ರಿವರೆಗೆ ಕಾಣುತ್ತದೆ ಎಂಬ ಅಂದಾಜಿದೆ. ಇನ್ನೊಂದು ವಿಶೇಷವೂ ಇದೆ. ಮೂತಿ ಉದ್ದವಿರುವ ನಾಯಿಗಳ ಅಕ್ಷಿಪಟದಲ್ಲಿ ನೋಟದ ನರಕೋಶಗಳು ಅಡ್ಡಲಾಗಿ ಒಂದು ಪಟ್ಟಿಯಂತೆ ದಟ್ಟವಾಗಿರುತ್ತವೆ ಎಂದು 2004ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿತು. ಬಯಲಿನ ಅಂಚಿನಲ್ಲಿ ಏನೇ ಅಲುಗಾಡಿದರೂ ಗುರುತಿಸಲು ಇದು ಅನುಕೂಲ.

ಈಗ ಕಬ್ಬು ಕಟಾವಾದ ಹೊಲವನ್ನು ನೆನೆಸಿಕೊಳ್ಳಿ. ನೀವು ನಾಯಿಯ ಜೊತೆ ಬದುವಿನ ಮೇಲೆ ಹೋಗುತ್ತಿದ್ದೀರಿ. ದೂರದಲ್ಲಿ ಮೊಲವೊಂದು ಜಿಗಿಯಿತು. ನಿಮಗದು ಕಾಣುವ ಮೊದಲೇ ನಾಯಿ ಓಟ ಕಿತ್ತಿರುತ್ತದೆ. ನೀವು ಹಿಂದಿನಿಂದ ಕೂಗುತ್ತೀರಿ, ಅದು ತಿರುಗಿಯೂ ನೋಡುವುದಿಲ್ಲ. ಆಗ "ಇದು ಮಾತು ಕೇಳುವ ಜಾತಿ ಅಲ್ಲ" ಎಂಬ ತೀರ್ಮಾನಕ್ಕೆ ಬಂದುಬಿಡುತ್ತೇವೆ. ಆದರೆ ಬೆನ್ನಟ್ಟುವ ಆ ಕ್ಷಣದಲ್ಲಿ ಅದರ ಗಮನವೆಲ್ಲ ಕಣ್ಣಿನಲ್ಲೇ ಇರುತ್ತದೆ. ಇದು ಮೊಂಡುತನವಲ್ಲ, ನಿಮ್ಮ ಮೇಲಿನ ಅಗೌರವವಂತೂ ಅಲ್ಲ. ನೂರಾರು ತಲೆಮಾರುಗಳಿಂದ ಮನುಷ್ಯರೇ ಇದಕ್ಕೆಂದು ಆರಿಸಿ ಬೆಳೆಸಿದ ಗುಣ.

ಹಾಗಾದರೆ ಕಲಿಯುತ್ತದೆಯೇ?

ಕಲಿಯುತ್ತದೆ. ಇದಕ್ಕೆ ಸಾಕ್ಷಿ ದೂರದಲ್ಲೇನೂ ಇಲ್ಲ. ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಪೋಷಿಸಿ, ಬ್ರಿಟನ್ನಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಉಡುಗೊರೆ ಕೊಟ್ಟ ಕಥೆ ನಿಮಗೆ ಗೊತ್ತಿರಬಹುದು. ಆದರೆ ತರಬೇತಿಯ ಪ್ರಶ್ನೆಗೆ ಉತ್ತರ ಈಚಿನ ವರ್ಷಗಳಲ್ಲಿದೆ. ಮುಧೋಳ ಸಮೀಪದ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ನಡೆಯುತ್ತದೆ. ಮುಧೋಳದ ಮರಿಗಳು 2016ರಲ್ಲಿ ಮೀರತ್‌ನಲ್ಲಿರುವ ಸೇನೆಯ ಶ್ವಾನ ತರಬೇತಿ ಕೇಂದ್ರ ಸೇರಿದವು. ಪ್ರಧಾನಿಯ ಭದ್ರತೆ ನೋಡಿಕೊಳ್ಳುವ ಎಸ್‌ಪಿಜಿ 2022ರಲ್ಲಿ ತಿಮ್ಮಾಪುರದಿಂದ ಎರಡು ಗಂಡು ಮರಿಗಳನ್ನು ಒಯ್ದಿತು.

ನನಗೆ ಹೆಚ್ಚು ಹಿಡಿಸಿದ್ದು ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ನಾಯಿಯ ಸಂಗತಿ. 2024ರ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ರಿಯಾ ಜಾಡು ಹಿಡಿಯುವ ವಿಭಾಗದಲ್ಲಿ ಮೊದಲ ಸ್ಥಾನ ಗೆದ್ದಳು. ಕೂಟದ ಅತ್ಯುತ್ತಮ ನಾಯಿ ಎಂಬ ಗೌರವವೂ ಅವಳಿಗೇ ಬಂತು. ಸ್ಪರ್ಧೆಯಲ್ಲಿದ್ದದ್ದು ನೂರಕ್ಕೂ ಹೆಚ್ಚು ವಿದೇಶಿ ತಳಿಯ ನಾಯಿಗಳು. ಜಾಡು ಹಿಡಿಯುವುದು ಮೂಗಿನ ಕೆಲಸ. ಕಣ್ಣಿನ ನಾಯಿ ಮೂಗಿನ ಕೆಲಸದಲ್ಲಿ ಗೆದ್ದಿತು ಎಂದ ಮೇಲೆ "ಟ್ರೇನಿಂಗ್ ಹತ್ತಂಗಿಲ್ಲ" ಎಂಬ ಮಾತಿಗೆ ಉಳಿದದ್ದೇನು?

"ಬಾ" ಎಂಬ ಮಾತು

ಮನೆಯ ನಾಯಿಗೆ ಪೊಲೀಸ್ ತರಬೇತಿ ಬೇಕಿಲ್ಲ. ಕರೆದರೆ ಬರಬೇಕು, ಹೇಳಿದರೆ ನಿಲ್ಲಬೇಕು, ಬಾಯಲ್ಲಿದ್ದದ್ದನ್ನು ಬಿಡಬೇಕು, ಮನೆಗೆ ಬಂದವರ ಮೇಲೆ ಜಿಗಿಯಬಾರದು. ಇಷ್ಟಾದರೆ ಸಾಕು. ಇವುಗಳಲ್ಲಿ ಮುಧೋಳ ನಾಯಿಯ ಜೀವ ಉಳಿಸುವುದು ಮೊದಲನೆಯದು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿರುತ್ತದೆ, ಆಚೆ ಬದಿಗೆ ಬೆಕ್ಕು ಕಾಣುತ್ತದೆ, ಗೇಟು ತೆರೆದಿರುತ್ತದೆ. ಅಷ್ಟೇ ಸಾಕು ಅನಾಹುತಕ್ಕೆ.

ಕಲಿಸುವುದನ್ನು ಹೊಲದಲ್ಲಿ ಶುರು ಮಾಡಬೇಡಿ, ಮನೆಯ ಪಡಸಾಲೆಯಲ್ಲಿ ಮಾಡಿ. ಕೈಯಲ್ಲಿ ಬೇಯಿಸಿದ ಕೋಳಿಯ ಅಥವಾ ಮೊಟ್ಟೆಯ ಸಣ್ಣ ತುಣುಕುಗಳಿರಲಿ, ಕಡಲೆಬೇಳೆಗಿಂತ ದೊಡ್ಡದು ಬೇಡ. ಹೆಸರು ಹಿಡಿದು ಒಮ್ಮೆ "ಬಾ" ಎನ್ನಿ. ಬಂದ ಕ್ಷಣವೇ ತುಣುಕು ಕೊಡಿ. "ಕ್ಷಣವೇ" ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಿ. ಒಂದೆರಡು ಸೆಕೆಂಡು ತಡವಾದರೂ ನಾಯಿ ಆ ತುಣುಕನ್ನು ತಾನು ಬಂದದ್ದಕ್ಕೆ ಜೋಡಿಸುವುದಿಲ್ಲ, ಆಗ ಏನು ಮಾಡುತ್ತಿತ್ತೋ ಅದಕ್ಕೆ ಜೋಡಿಸುತ್ತದೆ. ಮನೆಯ ಇಬ್ಬರು ಎರಡು ಮೂಲೆಗಳಲ್ಲಿ ಕೂತು ಸರದಿಯಂತೆ ಕರೆಯಬಹುದು. ಮಕ್ಕಳಿಗೂ ಇದು ಒಳ್ಳೆಯ ಆಟ. ಒಂದು ಸಲಕ್ಕೆ ಐದು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ. ನಾಯಿಗೆ ಬೇಸರ ಬರುವ ಮುಂಚೆ ನೀವೇ ನಿಲ್ಲಿಸಿ.

ಪಡಸಾಲೆಯಲ್ಲಿ ಹತ್ತಕ್ಕೆ ಹತ್ತೂ ಸಲ ಬಂದ ಮೇಲೆ ಅಂಗಳ, ಆಮೇಲೆ ಓಣಿ, ಕೊನೆಗೆ ಬಯಲು. ಬಯಲಿಗೆ ಹೋದಾಗ ಎಂಟು ಹತ್ತು ಮೀಟರ್ ಉದ್ದದ ಹಗುರ ಹಗ್ಗ ಇರಲಿ. ಈ ಹಗ್ಗವನ್ನು ಕೊರಳಿಗೆ ಕಟ್ಟಬಾರದು. ಮುಧೋಳ ನಾಯಿ ನಿಂತಲ್ಲಿಂದ ಒಮ್ಮೆಲೇ ವೇಗ ಪಡೆಯುತ್ತದೆ. ಹಗ್ಗ ಮುಗಿದು ಜಗ್ಗಿದಾಗ ಕುತ್ತಿಗೆಗೆ ಪೆಟ್ಟಾಗುತ್ತದೆ. ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿ. ಸಾಮಾನ್ಯ ಬೆಲ್ಟು ಇದಕ್ಕೆ ಮತ್ತೊಂದು ಕಾರಣಕ್ಕೂ ಒಗ್ಗುವುದಿಲ್ಲ. ಇದರ ತಲೆ ಕುತ್ತಿಗೆಯಷ್ಟೇ ಸಪೂರ, ಹಿಂದಕ್ಕೆ ಜಗ್ಗಿಕೊಂಡರೆ ಬೆಲ್ಟು ಸಲೀಸಾಗಿ ಕಳಚಿ ಬರುತ್ತದೆ.

ಕಲಿತ "ಬಾ"ವನ್ನು ನಾವೇ ಕೆಡಿಸುವುದು ಹೀಗೆ: ಕರೆದು ಬೈಯುತ್ತೇವೆ, ಕರೆದು ಸ್ನಾನ ಮಾಡಿಸುತ್ತೇವೆ, ಆಟ ಮುಗಿಯಿತೆಂದು ಕರೆದು ಸರಪಳಿ ಹಾಕುತ್ತೇವೆ. ನಾಯಿ ಲೆಕ್ಕದಲ್ಲಿ ಹುಷಾರು. ಕರೆದಲ್ಲಿಗೆ ಹೋದರೆ ನಷ್ಟವೇ ಹೆಚ್ಚು ಎಂದು ಅದಕ್ಕೆ ಬೇಗ ತಿಳಿದುಬಿಡುತ್ತದೆ. ಸ್ನಾನಕ್ಕೆ ನೀವೇ ಅದರ ಬಳಿ ಹೋಗಿ. ಆಟದ ನಡುವೆ ಸುಮ್ಮನೆ ಕರೆದು, ತಿನ್ನಿಸಿ, ಮತ್ತೆ ಬಿಡಿ. ತಪ್ಪಿಸಿಕೊಂಡು ಓಡಿದಾಗ ಬೆನ್ನು ಹತ್ತಬೇಡಿ. ನೀವು ಓಡಿದರೆ ಅದಕ್ಕದು ಆಟ, ಆ ಆಟದಲ್ಲಿ ಗೆಲುವು ಯಾವತ್ತೂ ಅದರದೇ. ವಿರುದ್ಧ ದಿಕ್ಕಿಗೆ ಓಡಿ ಅಥವಾ ಕುಕ್ಕರಗಾಲಲ್ಲಿ ಕೂತು ಕರೆಯಿರಿ. ಅರ್ಧ ತಾಸು ಬಿಟ್ಟು ಬಂದರೂ ಹೊಡೆಯಬೇಡಿ. ಆ ಏಟು ಓಡಿಹೋದದ್ದಕ್ಕಲ್ಲ, ವಾಪಸ್ ಬಂದದ್ದಕ್ಕೆ ಎಂದೇ ಅದು ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಾತು ಉಳಿಯುತ್ತದೆ. ಚೆನ್ನಾಗಿ ಕಲಿತ ಮುಧೋಳ ನಾಯಿ ಕೂಡ ಓಡುವ ಮೊಲದ ಹಿಂದೆ ಬಿದ್ದಾಗ ತಿರುಗಿ ಬರುತ್ತದೆಂದು ಯಾರೂ ಗ್ಯಾರಂಟಿ ಕೊಡಲಾರರು. ಆದ್ದರಿಂದ ಬೇಲಿ ಇಲ್ಲದ ಬಯಲಿನಲ್ಲಿ ಹಗ್ಗ ಬಿಚ್ಚಬಾರದು. ನಮ್ಮ ಈ ಭಾಗದಲ್ಲಿ ಇದಕ್ಕೆ ಕಾನೂನಿನ ಕಾರಣವೂ ಇದೆ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಇರುವುದೇ ಚಿಂಕಾರ ಎಂಬ ಸಣ್ಣ ಹುಲ್ಲೆಗಳಿಗಾಗಿ. ಅವು ಓಡುವ ಪ್ರಾಣಿಗಳು, ನಮ್ಮದು ಓಡುವುದನ್ನು ಕಂಡರೆ ಬೆನ್ನಟ್ಟುವ ನಾಯಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚಿಂಕಾರ ಇರಲಿ, ಮೊಲ ಇರಲಿ, ನಾಯಿ ಬಿಟ್ಟು ಹಿಡಿಸುವುದು ಬೇಟೆಯೇ. "ನಮ್ಮ ನಾಯಿಯ ಓಟ ನೋಡಿ" ಎಂದು ಮೊಲ ಹಿಡಿಸಿದ ವಿಡಿಯೊ ಹಂಚಿಕೊಳ್ಳುವವರು ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಊರಿಗೆಲ್ಲ ಹಂಚುತ್ತಿರುತ್ತಾರೆ.

ಹೊಡೆದರೆ ಕಲಿಯುತ್ತದೆಯೇ?

ಹೆದರಲು ಕಲಿಯುತ್ತದೆ. ಮುಧೋಳ ನಾಯಿ ನೋಡಲು ಗಂಭೀರ, ಸ್ವಭಾವದಲ್ಲಿ ಬಹಳ ಸೂಕ್ಷ್ಮ. ಗದರಿದರೇ ಮೂಲೆ ಸೇರುತ್ತದೆ, ಅಪರಿಚಿತರು ಮೈ ಮುಟ್ಟಿದರೆ ಸರಿಯುತ್ತದೆ. ಹೊಡೆತ ತಿಂದ ನಾಯಿಗಳಲ್ಲಿ ಭಯ ಮತ್ತು ಕಚ್ಚುವ ಸ್ವಭಾವ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ಅಮೆರಿಕದ ಪಶುವೈದ್ಯ ವರ್ತನಾ ತಜ್ಞರ ಸಂಘ 2021ರಲ್ಲಿ, ಎಲ್ಲ ನಾಯಿಗಳಿಗೂ ಬಹುಮಾನ ಆಧಾರಿತ ತರಬೇತಿಯನ್ನೇ ಬಳಸಬೇಕೆಂದು ಹೇಳಿತು.

"ಆದರ ತಪ್ಪು ಮಾಡಿದ್ದು ಅದಕ್ಕ ಗೊತ್ತಿರ್ತದ, ಮುಖ ನೋಡ್ರಿ" ಎಂಬ ವಾದ ಎಲ್ಲ ಮನೆಯಲ್ಲೂ ಇದೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿಜ್ಞಾನಿ 2009ರಲ್ಲಿ ಇದನ್ನು ಪರೀಕ್ಷಿಸಿದರು. ನಾಯಿಗೆ ತಿನ್ನಬೇಡ ಎಂದು ಹೇಳಿ ಮಾಲೀಕರು ಹೊರಗೆ ಹೋಗುತ್ತಾರೆ. ಕೆಲವು ಸಲ ನಾಯಿ ತಿಂದಿರುತ್ತದೆ, ಕೆಲವು ಸಲ ತಿಂದಿರುವುದಿಲ್ಲ. ಆದರೆ ಮಾಲೀಕರಿಗೆ ಸಿಗುವ ಮಾಹಿತಿ ಯಾವಾಗಲೂ ನಿಜವಾಗಿರುವುದಿಲ್ಲ. ತಲೆ ತಗ್ಗಿಸುವ, ಕಿವಿ ಹಿಂದಕ್ಕೆ ಮಾಡುವ ಆ "ತಪ್ಪಿತಸ್ಥ ಮುಖ" ತಿಂದ ನಾಯಿಗಳಲ್ಲಿ ಹೆಚ್ಚಾಗಿ ಕಾಣಲಿಲ್ಲ. ಬೈಸಿಕೊಂಡ ನಾಯಿಗಳಲ್ಲಿ ಕಂಡಿತು, ಅವು ಏನೂ ತಿಂದಿರದಿದ್ದರೂ. ನಾವು ಪಶ್ಚಾತ್ತಾಪ ಎಂದುಕೊಳ್ಳುವುದು "ಈ ಮನುಷ್ಯನಿಗೆ ಸಿಟ್ಟು ಬಂದಿದೆ" ಎಂಬ ಭಯ. ಬೆಳಿಗ್ಗೆ ಕಚ್ಚಿ ಹರಿದ ಚಪ್ಪಲಿಗೆ ಸಂಜೆ ಕೊಟ್ಟ ಏಟು ಏನನ್ನೂ ಕಲಿಸುವುದಿಲ್ಲ. ಚಪ್ಪಲಿಯನ್ನು ಎತ್ತಿಡುವುದೇ ವಾಸಿ.

"ನಾಯಿಗೆ ನೀವೇ ಲೀಡರ್ ಎಂದು ತೋರಿಸಿ" ಎಂಬ ಯೂಟ್ಯೂಬ್ ಸಲಹೆಯ ಬೇರು 1947ರ ಒಂದು ತೋಳ ಅಧ್ಯಯನದಲ್ಲಿದೆ. ರುಡಾಲ್ಫ್ ಶೆಂಕೆಲ್ ನೋಡಿದ್ದು ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು. ಕಾಡಿನ ತೋಳದ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮರಿಗಳ ಕುಟುಂಬ ಎಂದು ಡೇವಿಡ್ ಮೆಕ್ 1999ರಲ್ಲಿ ವಿವರಿಸಿದರು. "ಆಲ್ಫಾ" ಪದವನ್ನು ಜನಪ್ರಿಯಗೊಳಿಸಿದ ಪುಸ್ತಕ ಬರೆದದ್ದೂ ಅವರೇ, ಅದನ್ನು ಕೈಬಿಡಿ ಎಂದು ಹೇಳಿದವರೂ ಅವರೇ. ಆದರೂ ಯೂಟ್ಯೂಬ್‌ನಲ್ಲಿ ಆಲ್ಫಾ ಇನ್ನೂ ಆರಾಮಾಗಿದ್ದಾನೆ.

ಕನ್ನಡದಲ್ಲಿ ಹೇಳಿದರೆ ತಿಳಿಯುತ್ತದೆಯೇ?

"ಸಿಟ್, ಸ್ಟೇ, ಕಮ್" ಎಂದು ಇಂಗ್ಲಿಷಿನಲ್ಲೇ ಹೇಳಬೇಕೆಂಬ ನಂಬಿಕೆಗೆ ಆಧಾರವಿಲ್ಲ. ನಾಯಿಗೆ ಪದ ಒಂದು ಸದ್ದು, ಅಷ್ಟೇ. "ಕುಂಡ್ರು" ಎಂದರೂ ಕಲಿಯುತ್ತದೆ. ತೊಂದರೆ ಭಾಷೆಯದಲ್ಲ, ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುವುದು. ಅಜ್ಜ "ಕುಂಡ್ರಲೇ" ಎನ್ನುತ್ತಾರೆ, ಮಗ "ಸಿಟ್" ಎನ್ನುತ್ತಾನೆ, ಅಮ್ಮ "ಕೂಡು" ಎನ್ನುತ್ತಾರೆ. ಮರಾಠಿಯೂ ಓಡಾಡುವ ನಮ್ಮ ಮನೆಗಳಲ್ಲಿ ಇನ್ನೊಂದು ಮಜಾ ಇದೆ. ಮರಾಠಿಯ "ಬಸ್" ಎಂದರೆ ಕುಂಡ್ರು, ನಮ್ಮ "ಬಸ್" ಎಂದರೆ ಸಾಕು. ನಾಯಿ ಯಾವುದನ್ನು ಕೇಳಬೇಕು? ಒಂದು ಕೆಲಸಕ್ಕೆ ಒಂದೇ ಪದ ಎಂದು ಎಲ್ಲರೂ ಒಪ್ಪಿ, ಬೇಕಾದರೆ ಗೋಡೆಗೆ ಬರೆದು ಹಚ್ಚಿ.

ಅಂದ ಹಾಗೆ, ಮುಧೋಳ ನಾಯಿ "ಕುಂಡ್ರು" ಕಲಿಯಲು ತಡ ಮಾಡಿದರೆ ದಡ್ಡ ಎನ್ನಬೇಡಿ. ಮೈಮೇಲೆ ಕೊಬ್ಬು ಕಡಿಮೆ, ತೊಡೆಯಲ್ಲಿ ಬಿಗಿ ಸ್ನಾಯು. ಗಟ್ಟಿ ಕಲ್ಲಿನ ನೆಲದ ಮೇಲೆ ಕುಂಡಿ ಊರಿ ಕೂರುವುದು ಇಂಥ ನಾಯಿಗಳಿಗೆ ಅಷ್ಟು ಹಿತವಲ್ಲ. ಗೋಣಿಚೀಲ ಅಥವಾ ಹಳೆಯ ಕೌದಿ ಹಾಸಿ ಕಲಿಸಿ. ಅಥವಾ "ನಿಲ್ಲು" ಕಲಿಸಿದರೂ ಕೆಲಸ ಆಗುತ್ತದೆ. ಬಂದವರ ಮೇಲೆ ಜಿಗಿಯುವ ನಾಯಿಗೂ ಇದೇ ಮದ್ದು. ಜಿಗಿದಾಗ ಮಾತು ಬೇಡ, ಮುಖ ತಿರುಗಿಸಿ. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮಾತಾಡಿಸಿ, ತುಣುಕು ಕೊಡಿ. ಮನೆಯವರೆಲ್ಲ ಒಂದೇ ರೀತಿ ನಡೆದುಕೊಂಡರೆ ಕೆಲವೇ ವಾರಗಳಲ್ಲಿ ಬದಲಾವಣೆ ಕಾಣುತ್ತದೆ. ಒಬ್ಬರು ಮುದ್ದು ಮಾಡಿ ಜಿಗಿಸಿಕೊಂಡರೆ ಎಲ್ಲವೂ ಮೊದಲಿನಿಂದ.

ತುಣುಕಿನ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಸೀಮೆಯಲ್ಲಿ ದ್ರಾಕ್ಷಿ, ಒಣದ್ರಾಕ್ಷಿ ಕೈಗೆಟುಕುವ ವಸ್ತುಗಳು. ನಾಯಿಗೆ ಅವು ವಿಷ, ಮೂತ್ರಪಿಂಡ ಕೈಕೊಡಬಹುದು. ಚಾಕೊಲೇಟ್, ಉಳ್ಳಾಗಡ್ಡಿಯೂ ಬೇಡ.

ಕಟ್ಟಿ ಹಾಕಿದರೆ ಕಾವಲಿಗೆ ಗಟ್ಟಿಯೇ?

ಹಸಿ ಮಾಂಸದಿಂದ ನಾಯಿ ಕ್ರೂರವಾಗುವುದಿಲ್ಲ, ಖಾರದಿಂದ ಧೈರ್ಯ ಬರುವುದಿಲ್ಲ, ಹೊಟ್ಟೆ ಮಾತ್ರ ಕೆಡುತ್ತದೆ. ಸದಾ ಗಿಡ್ಡ ಸರಪಳಿಯಲ್ಲಿರುವ ನಾಯಿ ಯಾರು ಬಂದರೂ ಹಲ್ಲು ತೋರಿಸಲು ಕಾರಣ ಅದಕ್ಕೆ ಓಡಿ ತಪ್ಪಿಸಿಕೊಳ್ಳುವ ದಾರಿ ಇಲ್ಲದಿರುವುದು. ಇಂಥ ನಾಯಿ ಕಳ್ಳನನ್ನೂ ನಿಮ್ಮ ಅಕ್ಕನ ಮಗುವನ್ನೂ ಬೇರೆ ಮಾಡಿ ನೋಡುವುದಿಲ್ಲ. ಅಕಾರಣವಾಗಿ ಹೊತ್ತುಗಟ್ಟಲೆ ಗಿಡ್ಡ ಸರಪಳಿಯಲ್ಲಿ ಕಟ್ಟುವುದು, ಹೊಡೆಯುವುದು, ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಸಾಕಿದ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 291ರಡಿ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ ಅಥವಾ ₹5,000ವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ನಾಯಿ ಸೌಮ್ಯವಾಗುವುದೋ ಅಂಜುಬುರುಕವಾಗುವುದೋ ಎಂಬುದು ಬಹುಪಾಲು ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗಿನ ಅನುಭವದಲ್ಲಿದೆ. ಈ ಅವಧಿಯಲ್ಲಿ ಕಂಡದ್ದು, ಕೇಳಿದ್ದು ಅದಕ್ಕೆ ಸಹಜವಾಗುತ್ತದೆ. ಮುಧೋಳದ ತೋಟದ ಮನೆಯಲ್ಲಿ ಬೆಳೆದ ಐದು ತಿಂಗಳ ಮರಿಯನ್ನು ಬನಹಟ್ಟಿಯ ಮಗ್ಗದ ಓಣಿಗೆ ತಂದರೆ ವಿದ್ಯುತ್ ಮಗ್ಗಗಳ ಖಟಖಟಕ್ಕೇ ಅದು ಮಂಚದಡಿ ಸೇರಬಹುದು. ಎಂಟು ವಾರದ ಮರಿಯಾದರೆ ಬೇಗ ಹೊಂದಿಕೊಳ್ಳುತ್ತದೆ. ಎಂಟು ವಾರಕ್ಕಿಂತ ಮೊದಲು ತಾಯಿಯಿಂದ ಬೇರ್ಪಡಿಸುವುದೂ ಸರಿಯಲ್ಲ, ಎಷ್ಟು ಜೋರಾಗಿ ಕಚ್ಚಬಾರದು ಎಂಬ ಪಾಠ ಅದಕ್ಕೆ ಸಿಗುವುದು ಒಡಹುಟ್ಟಿದ ಮರಿಗಳಿಂದಲೇ. ಮನೆಗೆ ತಂದ ಮೇಲೆ ಮಕ್ಕಳು, ವೃದ್ಧರು, ಟೋಪಿಯವರು, ಹೆಲ್ಮೆಟ್ಟಿನವರು, ಎತ್ತಿನ ಗಾಡಿ, ಕುಕ್ಕರ್ ಸೀಟಿ ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ, ತುಣುಕು ಕೊಡುತ್ತ ಪರಿಚಯ ಮಾಡಿಸಿ. ಲಸಿಕೆ ಪೂರ್ತಿಯಾಗುವವರೆಗೆ ಎತ್ತಿಕೊಂಡೇ ತೋರಿಸಿ, ಬೀದಿಯ ನೆಲಕ್ಕೆ ಬಿಡಬೇಡಿ.

ಮಕ್ಕಳಿರುವ ಮನೆಯಲ್ಲಿ

ನಾಯಿಗೆ ಕಲಿಸಿದಷ್ಟೇ ಮಕ್ಕಳಿಗೂ ಕಲಿಸಬೇಕು. ಉಣ್ಣುವಾಗ, ಮಲಗಿದಾಗ ಮುಟ್ಟಬಾರದು. ಎದುರಿಗೆ ಚೀರುತ್ತ ಓಡಬಾರದು, ಈ ತಳಿಗೆ ಓಡುವುದೆಲ್ಲ ಬೆನ್ನಟ್ಟುವ ವಸ್ತು. ಸಣ್ಣ ಮಗುವನ್ನೂ ನಾಯಿಯನ್ನೂ ದೊಡ್ಡವರಿಲ್ಲದೆ ಒಟ್ಟಿಗೆ ಬಿಡಬೇಡಿ, ನಾಯಿ ಎಷ್ಟೇ ಒಳ್ಳೆಯದಿರಲಿ.

ಕಚ್ಚುವ ಮುಂಚೆ ನಾಯಿ ಹೇಳುತ್ತದೆ. ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಇಲ್ಲದೆ ಆಕಳಿಸುತ್ತದೆ, ಮೈ ಸೆಟೆಸಿ ನಿಲ್ಲುತ್ತದೆ, ಆಮೇಲೆ ಗುರ್ ಎನ್ನುತ್ತದೆ. ಗುರ್ ಎಂದದ್ದಕ್ಕೆ ಹೊಡೆಯುವುದು ದೊಡ್ಡ ತಪ್ಪು. ಮುಂದಿನ ಸಲ ಅದು ಗುರ್ ಎನ್ನದೆ ನೇರ ಕಚ್ಚಬಹುದು. ಗುರ್ ಎಂದರೆ ಮಗುವನ್ನು ದೂರ ಕರೆದೊಯ್ಯಿರಿ, ಯಾಕೆ ಎಂದು ಆಮೇಲೆ ಯೋಚಿಸಿ. ಸೌಮ್ಯವಾಗಿದ್ದ ನಾಯಿ ಒಮ್ಮೆಲೇ ಸಿಡುಕಿದರೆ ಕಿವಿ, ಹಲ್ಲು, ಕೀಲು ನೋವಿದೆಯೇ ಎಂದು ಪಶುವೈದ್ಯರಿಗೆ ತೋರಿಸಿ.

ಅಕಸ್ಮಾತ್ ಕಚ್ಚಿದರೆ, ಉಗುರು ಹಲ್ಲು ತರಚಿದರೂ ಸರಿ, ಗಾಯಕ್ಕೆ ಖಾರದಪುಡಿ, ಸುಣ್ಣ, ಅರಿಷಿಣ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡೇ. ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿ, ವೈದ್ಯರು ಹೇಳಿದ ಎಲ್ಲ ದಿನಗಳ ಡೋಸ್ ಮುಗಿಸಿ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ, ಅದರ ಬಗ್ಗೆ ನೀವೇ ಕೇಳಿ. ಹೊಕ್ಕಳ ಸುತ್ತ 14 ಇಂಜೆಕ್ಷನ್ ಎಂಬುದು ಹಳೆಯ ಮಾತು, ಈಗ ತೋಳಿಗೇ ಕೊಡುತ್ತಾರೆ. "ಮನೀ ನಾಯಿ, ಏನಾಗಂಗಿಲ್ಲ" ಎಂದು ಕಾಯಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಚಿಕಿತ್ಸೆ ಇಲ್ಲ. ನಾಯಿಗೆ ಮೂರು ತಿಂಗಳಾದಾಗ ಮೊದಲ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಪ್ರತಿ ವರ್ಷ ಹಾಕಿಸಿ, ಕಾರ್ಡು ಜೋಪಾನವಾಗಿಡಿ.

ಬೇಸಿಗೆಯಲ್ಲಿ ತರಬೇತಿ, ಓಟ ಎರಡನ್ನೂ ಸೂರ್ಯ ಹುಟ್ಟುವ ಹೊತ್ತಿಗೆ ಮುಗಿಸಿ. ಡಾಂಬರಿನ ಮೇಲೆ ನಿಮ್ಮ ಅಂಗೈಯನ್ನು ಐದು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ಮುಧೋಳ ನಾಯಿಯ ಪಕ್ಕೆಲುಬು ತುಸು ಕಾಣುವುದು ತಳಿಯ ಲಕ್ಷಣ, ದಪ್ಪ ಮಾಡಲು ಹೋಗಬೇಡಿ. ಮರಿ ತರುವ ಯೋಚನೆಯಿದ್ದರೆ ತಿಮ್ಮಾಪುರದ ಕೇಂದ್ರದಲ್ಲೋ ನಿಮ್ಮ ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯಲ್ಲೋ ಮೊದಲು ವಿಚಾರಿಸಿ. ಮಾರುವವರ ಮನೆಗೆ ಹೋದಾಗ ಮರಿಯ ತಾಯಿಯನ್ನು ತೋರಿಸಲು ಕೇಳಿ, ಅದು ಜನರನ್ನು ಕಂಡು ಹೇಗೆ ನಡೆದುಕೊಳ್ಳುತ್ತದೆ ಎಂದು ಐದು ನಿಮಿಷ ನಿಂತು ನೋಡಿ.